ಮೇಲಿನವರ ಮಾತಿಗೆ ವಿರುದ್ಧವಾಗಿ ನೋಟ್ ಬರೆಯಬಹುದಾ? ಪಟೇಲರ ಮಾತು ನನ್ನಂಥ ಕ್ಲಾರ್ಕಿಗೂ ಸಲ್ಲುತ್ತದಾ?

ಪೆರ್ಲದ ಹುಡುಗಿ:

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಒಂದು ಸರಕಾರಿ ಕಚೇರಿಯಲ್ಲಿ ಕ್ಲಾರ್ಕ್ ಆಗಿ ಸೇರಿ ಎಂಟು ತಿಂಗಳಾಯ್ತು. ಕನ್ನಡ ಗೊತ್ತಿದ್ದವರಿಗೆ ಅಂತ ಇದ್ದ ಹುದ್ದೆಗೆ ಪಿಎಸ್‌ಸಿ ಬರೆದು ಬಂದವಳು ನಾನು.

ಕಳೆದ ವಾರ ಒಬ್ಬರು ಅಜ್ಜಿ ಎರಡು ಬಸ್ಸು ಬದಲಿಸಿ ಬಂದಿದ್ದರು. ಜಾಗದ ತೆರಿಗೆ ರಸೀದಿಯಲ್ಲಿ ಅವರ ಹೆಸರು ತಪ್ಪಿದೆ. ಕನ್ನಡದ ಹೆಸರು ಮಲಯಾಳದಲ್ಲಿ ಬರೆಸಿಕೊಳ್ಳುವಾಗ ಬೇರೆಯೇ ಆಗಿಬಿಡುವುದು ನಮ್ಮ ಊರಲ್ಲಿ ಹೊಸತೇನಲ್ಲ. ಕೈ ನಡುಗುತ್ತದೆ ಅಂತ ಮೊಮ್ಮಗಳ ಹತ್ತಿರ ಬರೆಸಿದ್ದರು. ಗೆರೆಯ ಕಾಗದ, ಚಂದದ ಕನ್ನಡ ಅಕ್ಷರ, ಮಡಚಿದಲ್ಲಿ ಅಡಿಕೆಯ ಕಲೆ. "ಮಲಯಾಳದಲ್ಲಿ ಬರೆಸಿ ತರಲಿ, ವಾಪಸ್ ಕೊಡು" ಎಂದು ಮೇಲಿನವರು ಹೇಳಿದರು. ನನಗೆ ಕೊಡ್ಲಿಕ್ಕೆ ಮನಸ್ಸಾಗಲಿಲ್ಲ. ಅರ್ಜಿ ತೆಗೆದುಕೊಳ್ಳಬೇಕು, ಉತ್ತರವೂ ಕನ್ನಡದಲ್ಲೇ ಹೋಗಬೇಕು ಎಂದು ನೋಟ್ ಹಾಕಿದೆ. "ಇದು ಬೇಡ, ಬೇರೆ ಬರಿ" ಅಂದರು. ಜೋರು ಮಾಡಲಿಲ್ಲ, ಮೆಲ್ಲ ಹೇಳಿದರು. ನನಗೆ ಹೆದರಿಕೆ ಆದದ್ದೇ ಅದಕ್ಕೆ. ಪ್ರೊಬೇಷನ್ ಇನ್ನೂ ಮುಗಿದಿಲ್ಲ.

ಪರೀಕ್ಷೆಗೆ ಓದುವಾಗ ಸರ್ದಾರ್ ಪಟೇಲರ ಒಂದು ಮಾತನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡಿದ್ದೆ. 1949ರ ಅಕ್ಟೋಬರ್ 10ರಂದು ಸಂವಿಧಾನ ಸಭೆಯಲ್ಲಿ ಹೇಳಿದ್ದು. ನನ್ನ ಕಾರ್ಯದರ್ಶಿ ನನ್ನ ಅಭಿಪ್ರಾಯಕ್ಕೆ ವಿರುದ್ಧವಾಗಿಯೂ ಟಿಪ್ಪಣಿ ಬರೆಯಬಹುದು, ಆ ಸ್ವಾತಂತ್ರ್ಯವನ್ನು ಎಲ್ಲ ಕಾರ್ಯದರ್ಶಿಗಳಿಗೂ ಕೊಟ್ಟಿದ್ದೇನೆ. ಮಂತ್ರಿಗೆ ಬೇಸರವಾದೀತು ಎಂದು ಹೆದರಿ ಪ್ರಾಮಾಣಿಕ ಅಭಿಪ್ರಾಯ ಹೇಳದವರು ಹೋಗುವುದೇ ಒಳ್ಳೆಯದು, ಬೇರೆಯವರನ್ನು ತರುತ್ತೇನೆ ಎಂದಿದ್ದರು. ನಿನ್ನೆ ರಾತ್ರಿ ಮತ್ತೆ ತೆಗೆದು ಓದಿದೆ. ಇದು ದೆಹಲಿಯ ದೊಡ್ಡ ಅಧಿಕಾರಿಗಳಿಗೆ ಹೇಳಿದ ಮಾತು. ನನ್ನಂಥವಳು ಇದನ್ನು ಹಿಡಿದುಕೊಂಡು ಹೊರಟರೆ ಅಧಿಕಪ್ರಸಂಗ ಆಗುತ್ತದಾ?

ಕುಂಬಳೆಯ ನಿವೃತ್ತ ಹೆಡ್ ಕ್ಲಾರ್ಕ್:

ಮಗಳೇ, ಮೂವತ್ತೊಂದು ವರ್ಷ ಕಡತ ಬರೆದವನು ನಾನು. ಅಧಿಕಪ್ರಸಂಗ ಖಂಡಿತ ಅಲ್ಲ. ಆದರೆ ನೋಟ್‌ನಲ್ಲಿ ಏನು ಬರೆದಿದ್ದಿ ಎಂದು ಕೇಳಬೇಕು. "ಪಾಪದ ಅಜ್ಜಿ", "ಕನ್ನಡಿಗರಿಗೆ ಅನ್ಯಾಯ" ಅಂತೆಲ್ಲ ಇದ್ದರೆ ಅದನ್ನು ನೀನೇ ತೆಗೆ. ಅದು ನಿಜವೇ, ಆದರೆ ಅಂಥ ಮಾತನ್ನು ಒಂದು ಗೆರೆಯಲ್ಲಿ ತಳ್ಳಿಹಾಕಬಹುದು. ಸಂವಿಧಾನದ 350ನೇ ವಿಧಿಯನ್ನು ತಳ್ಳಿಹಾಕ್ಲಿಕ್ಕೆ ಆಗುವುದಿಲ್ಲ. ಕುಂದುಕೊರತೆಯ ಮನವಿಯನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಲು ಪ್ರತಿಯೊಬ್ಬರಿಗೂ ಹಕ್ಕುಂಟು ಎನ್ನುತ್ತದೆ ಅದು. ಅದರ ಜೊತೆಗೆ 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆಯನ್ನೂ ಹಾಕು. ಭಾಷಾ ಅಲ್ಪಸಂಖ್ಯಾತ ಪ್ರದೇಶಗಳಲ್ಲಿ ತಮಿಳಿನವರೂ ಕನ್ನಡದವರೂ ತಮ್ಮ ಭಾಷೆಯಲ್ಲೇ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದು ಅದರಲ್ಲಿ ಉಂಟು.

ಅವರಿಗೆ ಒಪ್ಪಿಗೆ ಇಲ್ಲದಿದ್ದರೆ ನಿನ್ನ ನೋಟ್‌ನ ಕೆಳಗೆ ತಮ್ಮ ಅಭಿಪ್ರಾಯ ಬರೆದು ಸಹಿ ಹಾಕಲಿ. ಅದು ಅವರ ಅಧಿಕಾರ. ಬೇಡ ಎಂದು ಬಾಯಲ್ಲಿ ಹೇಳುವುದು ಸುಲಭ, ಸಹಿ ಹಾಕಿ ಬರೆಯುವಾಗ ಯಾರೂ ಎರಡು ಸಲ ಯೋಚಿಸುತ್ತಾರೆ. ದನಿ ಏರಿಸಬೇಡ, ಕೈಮುಗಿದೇ ಹೇಳು, ನೋಟ್ ಮಾತ್ರ ತೆಗೆಯಬೇಡ.

ಬದಿಯಡ್ಕ ಟೀಚರ್:

ಪಟೇಲರು ಆ ಮಾತು ಹೇಳಿದ ಸಂದರ್ಭವನ್ನೂ ನೋಡಿ. ಬ್ರಿಟಿಷರ ಕೈಕೆಳಗೆ ದುಡಿದ ಐಸಿಎಸ್ ಅಧಿಕಾರಿಗಳಿಗೆ ಕೊಟ್ಟ ಭರವಸೆಗಳನ್ನು ಸಂವಿಧಾನದಲ್ಲಿ ಸೇರಿಸಬೇಕೇ ಎಂಬ ಚರ್ಚೆ ಅದು. ನಮ್ಮನ್ನು ಜೈಲಿಗೆ ಹಾಕಿದವರಿಗೆ ರಕ್ಷಣೆ ಯಾಕೆ ಎಂಬ ಸಿಟ್ಟು ಸಭೆಯಲ್ಲಿತ್ತು. ಪಟೇಲರೂ ಜೈಲು ಕಂಡವರೇ. ಹಿಂದಿನ ವರ್ಷ ಹೃದಯಾಘಾತವಾಗಿ ಆರೋಗ್ಯ ಕೆಟ್ಟಿತ್ತು. ಅಂಥವರು ಎದ್ದು ನಿಂತು ಆ ಅಧಿಕಾರಿಗಳ ಪರ ವಾದಿಸಿದರು. ನನಗೆ ಆ ಭಾಷಣದಲ್ಲಿ ದೊಡ್ಡದಾಗಿ ಕಾಣುವುದು ಇದೇ. ತನ್ನವರ ಸಿಟ್ಟಿಗೆ ಎದುರು ನಿಲ್ಲುವುದು ಶತ್ರುವಿಗೆ ಎದುರು ನಿಂತದ್ದಕ್ಕಿಂತ ಕಷ್ಟ.

ಇನ್ನೊಂದು ಸಂಗತಿ ನಿಮಗೇ ಅಂತ ಹೇಳುತ್ತೇನೆ. ಸಂಸ್ಥಾನಗಳ ಖಾತೆಯಲ್ಲಿ ಪಟೇಲರ ಬಲಗೈಯಾಗಿದ್ದ ಕಾರ್ಯದರ್ಶಿ ವಿ. ಪಿ. ಮೆನನ್ ಐಸಿಎಸ್ ಅಲ್ಲ. ನಮ್ಮದೇ ರಾಜ್ಯದ ಒಟ್ಟಪಾಲದವರು. ಸರಕಾರಿ ಕೆಲಸ ಶುರುಮಾಡಿದ್ದು ಕ್ಲಾರ್ಕ್ ಆಗಿ.

ಮಂಜೇಶ್ವರದಿಂದ ಒಬ್ಬ:

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ತಂಗಿ ಬೇಸರ ಮಾಡಬಾರದು. ನಾವೆಲ್ಲ ಸೇರಿ ಎಂಟು ತಿಂಗಳ ನೌಕರಿಯ ಹುಡುಗಿಗೆ ಧೈರ್ಯ ಮಾಡು ಎನ್ನುತ್ತಿದ್ದೇವೆ. ಪಟೇಲರ ಮಾತನ್ನು ಇನ್ನೊಂದು ಸಲ ಓದಿ. ಆ ಸ್ವಾತಂತ್ರ್ಯವನ್ನು ಕೊಟ್ಟವರು ಕುರ್ಚಿಯಲ್ಲಿ ಕೂತ ಮಂತ್ರಿ. ಆ ಮಾತು ಮೊದಲು ಸಲ್ಲಬೇಕಾದ್ದು ಇವಳ ಮೇಲಿನವರಿಗೆ.

1956ರ ನವೆಂಬರಿನಲ್ಲಿ, ನಮ್ಮ ತಾಲೂಕು ಕೇರಳಕ್ಕೆ ಸೇರಿದ ಅದೇ ತಿಂಗಳಲ್ಲಿ, ಅರಿಯಲೂರಿನಲ್ಲಿ ರೈಲು ಅಪಘಾತವಾದಾಗ ಲಾಲ್ ಬಹದ್ದೂರ್ ಶಾಸ್ತ್ರಿಗಳು ರೈಲ್ವೆ ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟರು. ಹಳಿ ನೋಡಿಕೊಳ್ಳುವ ಗ್ಯಾಂಗಿನವನ ತಲೆಗೆ ಕಟ್ಟಲಿಲ್ಲ. ಮೇಲಿನವರು ಹಾಗಿದ್ದರೆ ಕೆಳಗಿನವರಿಗೆ ಧೈರ್ಯ ತಾನಾಗಿ ಬರುತ್ತದೆ.

ತಂಗಿ, ನೋಟ್ ಬರಿ. ಆದರೆ ಆ ಅಜ್ಜಿಯ ಅರ್ಜಿಯದ್ದೂ ನಿನ್ನ ನೋಟ್‌ನದ್ದೂ ದಿನಾಂಕ ಒಂದು ಕಡೆ ಬರೆದಿಟ್ಟುಕೋ.

ಪೆರ್ಲದ ಹುಡುಗಿ:

ಎಲ್ಲರಿಗೂ ಉತ್ತರ ಬರೆಯಲು ನಾಲ್ಕು ದಿನ ತಡವಾಯ್ತು. ಹೆಡ್ ಕ್ಲಾರ್ಕ್ ಮಾವಾ, ನನ್ನ ಮೊದಲ ನೋಟ್‌ನಲ್ಲಿ "ವಯೋವೃದ್ಧೆಯನ್ನು ಅಲೆದಾಡಿಸುವುದು" ಎಂದಿತ್ತು. ಅದನ್ನು ತೆಗೆದೆ. 350ನೇ ವಿಧಿಯನ್ನೂ 1969ರ ಕಾಯ್ದೆಯನ್ನೂ ಹಾಕಿ ಆರು ಸಾಲಿಗೆ ಇಳಿಸಿದೆ. ಕಳಿಸುವಾಗ ಕೈ ತಣ್ಣಗಾಗಿತ್ತು. ಟೀಚರ್ ಹೇಳಿದ ಒಟ್ಟಪಾಲದ ಕ್ಲಾರ್ಕನ್ನು ನೆನಪು ಮಾಡಿಕೊಂಡೆ.

ಎರಡು ದಿನ ಕಡತ ಅವರ ಹತ್ತಿರವೇ ಇತ್ತು. ಇವತ್ತು ವಾಪಸ್ ಬಂತು. ಬೇಡ ಎಂದು ಬರೆದಿಲ್ಲ. "ಚರ್ಚಿಸಿ" ಎಂದಷ್ಟೇ ಬರೆದು ಸಹಿ ಹಾಕಿದ್ದಾರೆ. ನಾಳೆ ಹತ್ತೂವರೆಗೆ ಒಳಗೆ ಹೋಗಬೇಕು. ಮಂಜೇಶ್ವರದ ಅಣ್ಣ ಹೇಳಿದ್ದನ್ನೂ, ಆ ಸ್ವಾತಂತ್ರ್ಯ ಮೇಲಿನವರು ಕೊಡಬೇಕಾದ್ದು ಎಂಬುದನ್ನು, ಮರ್ಯಾದೆಯಿಂದಲೇ ಹೇಳಬೇಕೆಂದಿದ್ದೇನೆ.

ಮಧ್ಯಾಹ್ನ ಅಜ್ಜಿ ಮತ್ತೆ ಬಂದಿದ್ದರು. ಅರ್ಜಿ ಸಿಕ್ಕಿದೆ ಎಂಬ ರಸೀದಿಯನ್ನು ಕನ್ನಡದಲ್ಲಿ ಬರೆದು ಕೊಟ್ಟೆ. ಕನ್ನಡಕ ಹಾಕಿ, ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. "ಹೆಸರು ಸರಿ ಉಂಟು ಮಗಾ" ಅಂದರು.