ಸಹಾಯ ಬೇಕು: ಅಮ್ಮನಿಗೆ ಮುಂದೆ ಯಾವ ಪುಸ್ತಕ ಕೊಡಲಿ?

ಎಲ್ಲರಿಗೂ ನಮಸ್ಕಾರ. ಅಮ್ಮ ಹೊಸಪೇಟೆಯಲ್ಲಿ ಬೆಳೆದವರು. ಕಣ್ಣಿನ ಪೊರೆ ಆಪರೇಷನ್ ಆದ ಮೇಲೆ, ಎಷ್ಟೋ ವರ್ಷಗಳ ನಂತರ ಮತ್ತೆ ಓದೋಕೆ ಶುರು ಮಾಡಿದ್ದಾರೆ. ವಸುಧೇಂದ್ರ ಅವರ 'ತೇಜೋ-ತುಂಗಭದ್ರಾ' ಕೊಟ್ಟೆ. ಕಥೆ ಲಿಸ್ಬನ್‌ನಿಂದ ತಮ್ಮ ತುಂಗಭದ್ರೆಯ ದಂಡೆಗೆ ಬಂತು ನೋಡಿ, ಅಮ್ಮ ಪುಸ್ತಕ ಕೆಳಗಿಡಲೇ ಇಲ್ಲ. ಒಲೆ ಮೇಲಿನ ಹಾಲು ಎರಡು ಸಲ ಉಕ್ಕಿತು. ಮುಗಿದ ದಿನ ಪುಸ್ತಕ ಮಡಿಲಲ್ಲಿ ಇಟ್ಕೊಂಡು ತುಂಬಾ ಹೊತ್ತು ಸುಮ್ನೆ ಕೂತಿದ್ದರು.

ಆಮೇಲೆ ವಿವೇಕ ಶಾನಭಾಗರ 'ಘಾಚರ್ ಘೋಚರ್' ಓದಿದರು. ಚಿಕ್ಕದು, ಎರಡೇ ದಿನದಲ್ಲಿ ಮುಗಿಸಿದರು. "ದುಡ್ಡು ಬಂದ ಮೇಲೆ ಮನೆ ಹೀಗೇ ಆಗುತ್ತೆ ಕಣೋ" ಅಂದರು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗಿನಿಂದ ಬಾನು ಮುಷ್ತಾಕ್ ಅವರ ಕಥೆಗಳನ್ನೂ ಕೇಳುತ್ತಿದ್ದಾರೆ. ಅನುವಾದ ಬೇಡ, ಮೂಲ ಕನ್ನಡವೇ ಬೇಕಂತೆ. ಯಾವ ಸಂಕಲನದಿಂದ ಶುರು ಮಾಡಿದರೆ ಒಳ್ಳೇದು?

ಕಾದಂಬರಿಯಲ್ಲದ ಪುಸ್ತಕಗಳೂ ಬೇಕು. ಸಿದ್ಧಲಿಂಗಯ್ಯನವರ 'ಊರುಕೇರಿ' ತಂದಿಟ್ಟಿದ್ದೇನೆ. ಅಂಥ ಆತ್ಮಕಥೆ, ಪ್ರವಾಸ ಕಥನ, ಅದರಲ್ಲೂ ಹೆಂಗಸರು ಬರೆದದ್ದು ಇದ್ದರೆ ಖಂಡಿತ ಹೇಳಿ. ಕಳೆದ ಹತ್ತು ಹದಿನೈದು ವರ್ಷದಲ್ಲಿ ಬಂದದ್ದಾದರೆ ಇನ್ನೂ ಒಳ್ಳೇದು. ಒಂದೇ ಮನವಿ: ಅಕ್ಷರ ತೀರಾ ಸಣ್ಣದಿರಬಾರದು. ನಿಮ್ಮ ಮನೆಯ ಹಿರಿಯರು ಇಷ್ಟಪಟ್ಟು ಓದಿದ ಪುಸ್ತಕವಾದರೆ ಅದನ್ನೇ ಮೊದಲು ತರುತ್ತೇನೆ.