ಕೆರೆಯಲ್ಲಿ ಒಂದು ಹನಿ ಲೀಕ್ ಇಲ್ಲ, ಸಮುದ್ರದಲ್ಲಿ 14 ಮೀಟರಿಗೇ ಒಳಗೆ ನೀರು, ಆರ್‌ಒವಿ ಮಾಡಿದವರು ಯಾರಾದ್ರೂ ಇದ್ದೀರಾ?

ಕುಂಬಳೆ_ಕಡಲು:
ನಮಸ್ಕಾರ ಎಲ್ಲರಿಗೂ. ನಾನೂ ನನ್ನ ಅತ್ತೆ ಮಗನೂ ಸೇರಿ ಒಂದೂವರೆ ವರ್ಷದಿಂದ ಒಂದು ಆರ್‌ಒವಿ ಕಟ್ತಾ ಇದ್ದೇವೆ, ಅಂದ್ರೆ ಕೇಬಲ್ ಕಟ್ಟಿ ನೀರಿಗಿಳಿಸಿ ಮೇಲೆ ದೋಣಿಯಲ್ಲಿ ಕೂತು ಓಡಿಸುವಂಥದ್ದು. ಪಿವಿಸಿ ಪೈಪಿನ ಫ್ರೇಮ್, ಆರು ಬ್ರಶ್‌ಲೆಸ್ ಮೋಟರ್, ನಡುವೆ 4 ಇಂಚಿನ ಅಕ್ರಿಲಿಕ್ ಟ್ಯೂಬ್, ಅದರೊಳಗೆ ಬ್ಯಾಟರಿ, ರಾಸ್ಪ್‌ಬೆರಿ ಪೈ ಅಂತ ಪುಟ್ಟ ಕಂಪ್ಯೂಟರ್, ಮೋಟರ್ ಹಿಡಿತದಲ್ಲಿಡುವ ಪಿಕ್ಸ್‌ಹಾಕ್ ಬೋರ್ಡು, ಓಡಿಸುವ ಸಾಫ್ಟ್‌ವೇರ್ ಆರ್ಡುಸಬ್. ಮೇಲಿಂದ ಕೆಳಗೆ ಇಂಟರ್ನೆಟ್ಟಿಗೆ ಹಾಕುವ ಸಾದಾ ಕ್ಯಾಟ್6 ಕೇಬಲ್ 40 ಮೀಟರ್.

ತೋಟದ ಕೆರೆಯಲ್ಲಿ 5 ಮೀಟರ್ ನೀರುಂಟು, ಅಲ್ಲಿ ಹತ್ತು ಸಲ ಆದ್ರೂ ಬಿಟ್ಟಿರಬಹುದು, ಒಂದು ಸಲ ಗಂಟೆಗಟ್ಲೆ ಅಡಿಯಲ್ಲೇ ಕೂರಿಸಿದ್ದೆವು, ಒಳಗಿಟ್ಟ ಟಿಶ್ಯೂ ಪೇಪರ್ ಒಣಗಿದ್ದು ಒಣಗಿದ ಹಾಗೇ. ಆ ಧೈರ್ಯದಲ್ಲಿ ಆದಿತ್ಯವಾರ ಗುರ್ತದವರ ದೋಣಿಯಲ್ಲಿ ಹೊರಗೆ ಹೋಗಿ 14 ಮೀಟರಿಗೆ ಬಿಟ್ಟೆವು. ಇಪ್ಪತ್ತು ನಿಮಿಷ ಚಂದ ಓಡಿತು ಮಾರಾಯ್ರೆ, ಒಂದು ಏಡಿ ಕೂಡ ಸಿಕ್ಕಿತು ಕ್ಯಾಮರಾದಲ್ಲಿ, ಆಮೇಲೆ ಲೀಕ್ ಸೆನ್ಸರ್ ಬೊಬ್ಬೆ ಹಾಕ್ಲಿಕ್ಕೆ ಶುರು. ಎಳೆದು ತೆಗೆದ್ರೆ ಟ್ಯೂಬಿನ ಹಿಂಬದಿಯಲ್ಲಿ ಎರಡು ಚಮಚ ನೀರು. ಮುಚ್ಚಳದ ಸೀಲಿನ ರಬ್ಬರ್ ಬಳೆ, ಓ-ರಿಂಗ್, ಪೂರಾ ಹೊಸತು ಹಾಕಿ ಸಿಲಿಕಾನ್ ಗ್ರೀಸ್ ಹಚ್ಚಿ ಮುಂದಿನ ವಾರ ಮತ್ತೆ ಹೋದೆವು, ಅದೇ ಕಥೆ. ಮಳೆ ಹಿಡಿದ್ರೆ ಮತ್ತೆ ದೋಣಿ ಸಿಗುದಿಲ್ಲ. ಎಂತ ಮಾಡುದು?

ನೀರ್ಚಾಲು_ನಟ್ಟುಬೋಲ್ಟು:
ಅದು ಲೀಕ್ ಅಲ್ಲ ಭಾವಾ, ಬೆವರು. ನಮ್ಮ ಊರಿನ ಸೆಕೆಯಲ್ಲಿ ಮುಚ್ಚಳ ಹಾಕ್ತೀರಿ, ಕೆಳಗೆ ನೀರು ತಣ್ಣಗೆ, ಒಳಗಿನ ತೇವ ಗೋಡೆಗೆ ಹಿಡೀತದೆ. ಸಿಲಿಕಾ ಜೆಲ್ ಪ್ಯಾಕೆಟ್ ನಾಲ್ಕು ಹಾಕಿ.

ಮಂಜೇಶ್ವರ_ಟೆದರ್:
ಬೆವರು ಎರಡು ಚಮಚ ಬರುದಿಲ್ಲ. ಆ ಟ್ಯೂಬಿನಲ್ಲಿ ಎರಡು ಎರಡೂವರೆ ಲೀಟರ್ ಗಾಳಿ ಇರಬಹುದು, ಅದರ ತೇವ ಪೂರಾ ಹಿಂಡಿ ತೆಗೆದ್ರೂ ಒಂದೆರಡು ಹನಿ, ಅಷ್ಟೆ. ನೆಕ್ಕಿ ನೋಡಿ, ಉಪ್ಪಿದ್ರೆ ಹೊರಗಿಂದ ಬಂದದ್ದು. (ಬ್ಯಾಟರಿ ಹತ್ತಿರದ್ದು ನೆಕ್ಕಬೇಡಿ.)

ಇನ್ನು ಎರಡು ಪ್ರಶ್ನೆ. ವ್ಯಾಕ್ಯೂಮ್ ಟೆಸ್ಟ್ ಮಾಡಿದ್ದೀರಾ, ಅಂದ್ರೆ ಟ್ಯೂಬಿನ ಗಾಳಿ ಎಳೆದು ತೆಗೆದು ಹಾಗೇ ನಿಲ್ತದಾ ಅಂತ ನೋಡುದು? ಕೇಬಲ್ ಮುಚ್ಚಳದೊಳಗೆ ಹೋಗುವಲ್ಲಿ ಸೀಲ್ ಹೇಗೆ ಮಾಡಿದ್ದು?

ಕುಂಬಳೆ_ಕಡಲು:
ನೆಕ್ಕಿದೆ ಅಣ್ಣ. ಉಪ್ಪು.

ವ್ಯಾಕ್ಯೂಮ್ ಮಾಡಿದ್ದೆ, ಗ್ಯಾರೇಜಿನವರು ಬ್ರೇಕ್ ಬ್ಲೀಡ್ ಮಾಡುವ ಕೈಪಂಪು ಉಂಟಲ್ಲ, ಅದರಲ್ಲಿ ಮೀಟರಿನ ಲೆಕ್ಕದಲ್ಲಿ ಪಾದರಸದ 10 ಇಂಚು ಎಳೆದು ಇಟ್ಟೆ, ಕಾಲು ಗಂಟೆ ಕಳೆದು ನೋಡುವಾಗ ಎಂಟೂವರೆ. ಪಂಪಿನ ಪೈಪೇ ಲೂಸ್ ಇರಬೇಕು ಅಂತ ಬಿಟ್ಟೆ. ಕೇಬಲಿಗೆ ಅಲ್ಯೂಮಿನಿಯಂ ಬೋಲ್ಟ್ ನಡುವೆ ತೂತು ಕೊರೆದು ಕೇಬಲ್ ತೂರಿಸಿ ಸುತ್ತ ಅರಾಲ್ಡೈಟ್ ತುಂಬಿಸಿದ್ದು.

ಮಂಜೇಶ್ವರ_ಟೆದರ್:
ಅಲ್ಲೇ ಉಂಟು ನೋಡಿ ಉತ್ತರ. ಎಂಟೂವರೆ ಅಂತ ಮೀಟರ್ ಹೇಳಿದ್ರೆ ಪೈಪಿಗೆ ಬೈದು ಬಿಟ್ಟದ್ದು ತಪ್ಪು. ನಾನು ಗಲ್ಫಿನಲ್ಲಿ ಆಫ್‌ಶೋರ್ ಬೋಟುಗಳಲ್ಲಿ ಆರ್‌ಒವಿ ಕೆಲಸ ಮಾಡಿದವ, ಲೀಕ್ ಅಂದ ಕೂಡ್ಲೆ ಎಲ್ಲರೂ ಓ-ರಿಂಗ್ ಹಿಡ್ಕೊಳ್ತಾರೆ, ಓ-ರಿಂಗ್ ಪಾಪದ್ದು.

ಕ್ಯಾಟ್6 ಕೇಬಲ್ ಅಂದ್ರೆ ಒಂದು ಉದ್ದದ ಸ್ಟ್ರಾ. ಹೊರಗಿನ ಪ್ಲಾಸ್ಟಿಕ್ ಕೋಟಿಗೂ ಒಳಗಿನ ಎಂಟು ವಯರಿಗೂ ನಡುವೆ ಖಾಲಿ ಜಾಗ ಉಂಟು. ನೀವು ಅಂಟು ಹಾಕಿದ್ದು ಕೋಟಿನ ಹೊರಗೆ ಮಾತ್ರ, ಒಳಗಿನ ದಾರಿ ಟ್ಯೂಬಿಗೆ ಸೀದಾ ಓಪನ್. ಕೋಟು ಎಲ್ಲಿಯಾದ್ರೂ ಒಂದು ಚೂರು ಹರಿದ್ರೆ ಸಾಕು, 10 ಮೀಟರ್ ಇಳಿದ್ರೆ ಒಂದು ವಾಯುಭಾರ ಒತ್ತಡ ಹೆಚ್ಚಾಗ್ತದೆ, ಒಳಗೆ ಟ್ಯೂಬಿನಲ್ಲಿ ಮಾತ್ರ ಮೇಲಿನ ಒತ್ತಡವೇ, ನೀರು ಕೇಬಲ್ ಒಳಗಿಂದಲೇ ಪ್ರಯಾಣ ಮಾಡಿ ನಿಮ್ಮ ರಾಸ್ಪ್‌ಬೆರಿಯ ಹತ್ತಿರ ಬಂದು ಇಳೀತದೆ.

ಮೊದಲು ಕೇಬಲಿನ ಮೇಲಿನ ತುದಿ ಹಾಟ್ ಗ್ಲೂ ಹಾಕಿ ಬಂದ್ ಮಾಡಿ, ಯಾಕಂದ್ರೆ ಆ ತುದಿಯಿಂದಲೂ ಗಾಳಿ ಎಳೀತದೆ. ಮತ್ತೆ 10 ಇಂಚು ಎಳೆದು ನೋಡಿ. ಆಗಲೂ ಇಳಿದ್ರೆ ವ್ಯಾಕ್ಯೂಮ್ ಬಿಟ್ಟು ಸೈಕಲ್ ಪಂಪಿನಲ್ಲಿ ಟ್ಯೂಬಿಗೆ ಸ್ವಲ್ಪವೇ ಸ್ವಲ್ಪ ಗಾಳಿ ಹೊಡೆದು, ಕೇಬಲನ್ನು ಕೈಯಳತೆ ಕೈಯಳತೆಯಾಗಿ ಬಕೆಟ್ ನೀರಲ್ಲಿ ಮುಳುಗಿಸ್ತಾ ಹೋಗಿ, ಪಂಕ್ಚರ್ ಅಂಗಡಿಯಲ್ಲಿ ಮಾಡಿದ ಹಾಗೆ. ಜಾಗ್ರತೆ, ಈ ಮುಚ್ಚಳಗಳು ಹೊರಗಿನ ನೀರು ಒತ್ತಿ ಹಿಡಿಯುವಂಥವು, ಒಳಗಿಂದ ಜೋರು ಗಾಳಿ ಹೊಡೆದ್ರೆ ಹಾರಿ ಮುಖಕ್ಕೆ ಬರ್ತದೆ. ಒಂದೆರಡು ಪಂಪು ಸಾಕು, ಮುಚ್ಚಳದ ಎದುರು ನಿಲ್ಬೇಡಿ.

ಕುಂಬಳೆ_ಕಡಲು:
ಸಿಕ್ಕಿತು!! ಯಂತ್ರದಿಂದ 9 ಮೀಟರ್ ದೂರದಲ್ಲಿ ಗುಳ್ಳೆ. ಉಗುರು ತಾಗಿಸಿದ್ರೆ ಮಾತ್ರ ಗೊತ್ತಾಗುವಷ್ಟು ಒಂದು ಗೀರು. ಕೋಟು ಸಿಗಿದು ನೋಡಿದೆ, ಬಣ್ಣದ ವಯರುಗಳ ನಡುವೆ ಬಿಳಿ ಉಪ್ಪಿನ ಪುಡಿ ಕೂತಿದೆ, ಕಂದು ವಯರಿನ ಇನ್ಸುಲೇಶನ್ ಗೀರಿದಲ್ಲಿ ತಾಮ್ರ ಹಸಿರು ಹಿಡಿದು ಮುಟ್ಟಿದ್ರೆ ಉದುರ್ತದೆ.

ಈಗ ಕೆರೆಯ ಗುಟ್ಟೂ ಗೊತ್ತಾಯ್ತು. ಕೆರೆಯಲ್ಲಿ 5 ಮೀಟರ್ ಇಳಿಸುವಾಗ ಆ ಜಾಗ ನೀರಿಗೆ ಇಳೀತಲೇ ಇರ್ಲಿಲ್ಲ, ಕಟ್ಟೆಯ ಮೇಲೇ ಇತ್ತು. ಕಟ್ಟೆಯ ಮುರಕಲ್ಲಿನ ಮೂಲೆಗೆ ಉಜ್ಜಿ ಉಜ್ಜಿ ಕೋಟು ಹರಿದದ್ದೇ ಅಲ್ಲಿ! ಅಂದ್ರೆ ನಾವು ಟೆಸ್ಟ್ ಮಾಡಿ ಮಾಡಿಯೇ ಹಾಳು ಮಾಡಿದ್ದು.

ಮಂಜೇಶ್ವರ_ಟೆದರ್:
ಹ್ಹ ಹ್ಹ, ಆಗ್ತದೆ. ಗೀರಿಗೆ ಟೇಪು ಸುತ್ತಿ ಸುಧಾರಿಸ್ಲಿಕ್ಕೆ ಹೋಗ್ಬೇಡಿ, ಆ 9 ಮೀಟರ್ ಕತ್ತರಿಸಿ ಬಿಸಾಡಿ, ಉಪ್ಪು ಇನ್ನೂ ಮುಂದೆ ಹೋಗಿದ್ರೆ ಇನ್ನೊಂದೆರಡು ಮೀಟರ್ ಸೇರಿಸಿ. ಮತ್ತೆ ಬೋಲ್ಟಿನೊಳಗೆ ಬರುವ ಭಾಗದಲ್ಲಿ ಕೋಟು ಒಂದಿಂಚು ಸುಲಿದು, ಎಂಟೂ ವಯರ್ ಬಿಡಿಸಿ ಹರಡಿ, ಪ್ರತಿಯೊಂದರ ಇನ್ಸುಲೇಶನ್ನೂ ಎರಡು ಮೂರು ಮಿಲಿಮೀಟರ್ ಕೆರೆದು ತಾಮ್ರ ಕಾಣುವ ಹಾಗೆ ಮಾಡಿ. ಒಂದರ ಕೆರೆದ ಜಾಗ ಇನ್ನೊಂದಕ್ಕೆ ತಾಗ್ಬಾರ್ದು, ಹಿಂದೆಮುಂದೆ ಮಾಡಿ ಕೆರೀರಿ. ಅಂಟು ತಾಮ್ರಕ್ಕೇ ಹಿಡಿದ್ರೆ ನೀರಿಗೆ ಇನ್ಸುಲೇಶನ್ ಅಡಿಯಿಂದಲೂ ದಾರಿ ಇಲ್ಲ. ಕೋಟಿಗೆ ಸ್ಯಾಂಡ್ ಪೇಪರ್ ಉಜ್ಜಿ ಒರಟು ಮಾಡಿ. ಐದು ನಿಮಿಷದ್ದು ಬೇಡ, ನಿಧಾನಕ್ಕೆ ಗಟ್ಟಿಯಾಗುವ ಅಂಟು ತೆಕ್ಕೊಳ್ಳಿ, ನೇರ ನಿಲ್ಲಿಸಿ ಒಂದು ದಿನ ಮುಟ್ಬೇಡಿ.

ಬದಿಯಡ್ಕ_ಪ್ಲಾಂಕ್ಟನ್:
ನಾನು ಮರೀನ್ ಬಯಾಲಜಿ ಓದ್ತಾ ಇದ್ದೇನೆ, ಆ ಏಡಿಯ ವಿಡಿಯೋ ನೋಡಿದೆ. ಎದುರಿಗೆ ಪೂರಾ ಬಿಳಿ ಚುಕ್ಕೆ ಕಾಣುದು ಕ್ಯಾಮರಾ ಹಾಳಾಗಿ ಅಲ್ಲ. ಎಲ್‌ಇಡಿ ಲೆನ್ಸಿನ ಪಕ್ಕಕ್ಕೇ ಕೂರಿಸಿದ್ದೀರಿ, ನೀರಿನ ಧೂಳು, ಪ್ಲಾಂಕ್ಟನ್ ಅಂತ ತೇಲುವ ಸಣ್ಣ ಸಣ್ಣ ಜೀವಿಗಳು ಎಲ್ಲ ಬೆಳಕನ್ನು ವಾಪಸ್ ಲೆನ್ಸಿಗೇ ಎರಚ್ತದೆ, ಮಡಿಕೇರಿ ಘಾಟಿಯ ಮಂಜಿನಲ್ಲಿ ಹೈ ಬೀಮ್ ಹಾಕಿದ ಹಾಗೆ. ಫ್ರೇಮಿನ ಎರಡೂ ಕೊನೆಗೆ ತೆಗೆದು ಸ್ವಲ್ಪ ಓರೆ ಮಾಡಿ.

ಇನ್ನೊಂದು, ಲೈಟ್ ಯಾವಾಗಲೂ ಫುಲ್ ಇಡ್ಬೇಡಿ, ಮೀನು ಓಡಿಹೋಗ್ತವೆ. 2012ರಲ್ಲಿ ಜಪಾನಿನ ಒಗಸವಾರಾ ದ್ವೀಪಗಳ ಹತ್ತಿರ ದೈತ್ಯ ಸ್ಕ್ವಿಡ್ ಅನ್ನು ಆಳದಲ್ಲಿ ಮೊದಲ ಸಲ ವಿಡಿಯೋ ಮಾಡಿದಾಗ ಸಮುದ್ರ ವಿಜ್ಞಾನಿ ಎಡಿತ್ ವಿಡ್ಡರ್ ಅವರು ಸದ್ದಿಲ್ಲದ ಕ್ಯಾಮರಾ ಇಳಿಸಿ ಕೆಂಪು ಬೆಳಕು ಹಾಕಿದ್ದು. ಕೆಂಪು ನೀರಲ್ಲಿ ಬೇಗ ಮಾಯ ಆಗ್ತದೆ, ಆಳದ ಹೆಚ್ಚಿನ ಪ್ರಾಣಿಗಳಿಗೆ ಅದು ಕಾಣುದೇ ಇಲ್ಲ. ನಿಮ್ಮ 14 ಮೀಟರಿಗೆ ಅಷ್ಟೆಲ್ಲ ಬೇಕಂತ ಇಲ್ಲ, ಡಿಮ್ ಮಾಡಿದ್ರೆ ಸಾಕು.

ನೀರ್ಚಾಲು_ನಟ್ಟುಬೋಲ್ಟು:
ಒಂದು ಡೌಟು. ದೊಡ್ಡವರ ಆರ್‌ಒವಿ 6000 ಮೀಟರ್ ಹೋಗ್ತದಲ್ಲ, ಅದರ ಓ-ರಿಂಗ್ ಎಂತದ್ದು? ನಮ್ಮದನ್ನೂ 200 ಮೀಟರಿಗೆ ಬಿಡ್ಲಿಕ್ಕೆ ಆಗ್ತದಾ?

ಮಂಜೇಶ್ವರ_ಟೆದರ್:
ಅಲ್ಲಿ 600 ವಾಯುಭಾರ. ಎಲ್ಲವನ್ನೂ ಗಟ್ಟಿ ಡಬ್ಬದಲ್ಲಿ ಹಾಕಿದ್ರೆ ಭಾರಕ್ಕೇ ಮುಳುಗ್ತದೆ, ಹಾಗಾಗಿ ಕಂಪ್ಯೂಟರ್, ಕ್ಯಾಮರಾ ಮಾತ್ರ ಟೈಟಾನಿಯಂ ಒಳಗೆ, ಜಂಕ್ಷನ್ ಬಾಕ್ಸು, ಮೋಟರುಗಳಿಗೆ ಎಣ್ಣೆ ತುಂಬಿಸಿ, ಸ್ಪ್ರಿಂಗ್ ಇರುವ ಒಂದು ಚೀಲದಿಂದ ಎಣ್ಣೆಯ ಒತ್ತಡ ಹೊರಗಿನ ನೀರಿಗಿಂತ ಒಂದು ಚೂರು ಹೆಚ್ಚು ಇಡ್ತಾರೆ. ತೂತಾದ್ರೂ ಎಣ್ಣೆ ಹೊರಗೆ ಹೋಗ್ತದೆ, ನೀರು ಒಳಗೆ ಬರುದಿಲ್ಲ. ಚೆನ್ನೈಯ ಎನ್‌ಐಒಟಿ, ಅಂದ್ರೆ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರ ಆರ್‌ಒವಿ ರೋಸಬ್ 6000 ಹಾಗೇ 2010ರಲ್ಲಿ ಹಿಂದೂ ಮಹಾಸಾಗರದಲ್ಲಿ 5289 ಮೀಟರ್ ಇಳಿದದ್ದು. ಅಷ್ಟು ಮಾಡಿದ್ರೂ ಕೇಬಲ್ ಕೈಕೊಟ್ರೆ ಮುಗೀತು, ಜಪಾನಿನ ಆರ್‌ಒವಿ ಕೈಕೋ ಮರಿಯಾನಾ ಕಂದಕದ ತಳ ಮುಟ್ಟಿ ಬಂದದ್ದು, 2003ರಲ್ಲಿ ಕೇಬಲ್ ತುಂಡಾಗಿ ಕಳೆದೇ ಹೋಯ್ತು.

200 ಮೀಟರ್ ಬೇಕಾದ್ರೆ ದೋಣಿಯಲ್ಲಿ ತುಂಬಾ ದೂರ ಹೋಗ್ಬೇಕು, ನಮ್ಮ ಕರಾವಳಿಯಲ್ಲಿ ಸಮುದ್ರ ನಿಧಾನಕ್ಕೆ ಆಳ ಆಗುದು. ಅಕ್ರಿಲಿಕ್ ಟ್ಯೂಬ್ ಇಟ್ಕೊಂಡು ಅದರ ಕನಸು ಬೇಡ.

ಬದಿಯಡ್ಕ_ಪ್ಲಾಂಕ್ಟನ್:
ಹೋದ್ರೂ ಅಲ್ಲಿಂದ ಕೆಳಗೆ ಸಾವಿರ ಮೀಟರ್‌ವರೆಗೆ ಅರಬ್ಬಿ ಸಮುದ್ರದಲ್ಲಿ ಆಮ್ಲಜನಕ ತೀರಾ ಕಡಿಮೆ ಇರುವ ಪದರ ಉಂಟು, ಮೀನು ರಾಶಿ ಇರ್ತದೆ ಅಂತ ಎಣಿಸ್ಬೇಡಿ. ದಡದ ಹತ್ತಿರದ ಕಲ್ಲುಗಳಲ್ಲೇ ನೋಡ್ಲಿಕ್ಕೆ ಬೇಕಾದಷ್ಟುಂಟು.

ಕುಂಬಳೆ_ಕಡಲು:
ಅಪ್‌ಡೇಟ್: ಹೊಸ ಸೀಲ್ ಹಾಕಿ ವ್ಯಾಕ್ಯೂಮ್ ಅರ್ಧ ಗಂಟೆ ಇಟ್ಟೆ, ಮುಳ್ಳು ಅಲ್ಲಾಡ್ಲಿಲ್ಲ. ನಿನ್ನೆ ಬೆಳಿಗ್ಗೆ 14 ಮೀಟರಿನಲ್ಲಿ 50 ನಿಮಿಷ, ಟಿಶ್ಯೂ ಒಣಗಿಯೇ ಉಂಟು. ಲೈಟ್ ಬದಿಗೆ ತಂದ ಮೇಲೆ ಚುಕ್ಕೆ ಮುಕ್ಕಾಲಂಶ ಹೋಯ್ತು. ಒಂದು ಕಲ್ಲಿನ ಸಂದಿಯಲ್ಲಿ ಆಕ್ಟೋಪಸ್ ಕೂತಿತ್ತು, ನಾವು ನೋಡ್ತಾ ನೋಡ್ತಾ ಇದ್ದ ಹಾಗೆ ಬಣ್ಣ ಕಲ್ಲಿನದ್ದೇ ಮಾಡ್ಕೊಂಡಿತು, ದೋಣಿಯವರು ಸ್ಕ್ರೀನ್ ಬಿಟ್ಟು ಏಳ್ಲೇ ಇಲ್ಲ. ಕೆರೆಕಟ್ಟೆಗೆ ಹಳೆ ಬೈಕ್ ಟಯರ್ ಕಟ್ಟಿದ್ದೇನೆ, ಕೇಬಲ್ ಇನ್ನು ಅದರ ಮೇಲಿಂದಲೇ. ಮಂಜೇಶ್ವರದಣ್ಣ, ದೊಡ್ಡ ಉಪಕಾರ ಆಯ್ತು.

ನೀರ್ಚಾಲು_ನಟ್ಟುಬೋಲ್ಟು:
ಭಾವಾ, ಹಾಗಾದ್ರೆ ಮಳೆಗೆ ಮೊದಲು ಒಂದು ದಿನ ಇಲ್ಲಿ ಬನ್ನಿ, ನಮ್ಮ ಬಾವಿಯಲ್ಲಿ ಫುಟ್‌ವಾಲ್ವ್ ಬಿದ್ದು ಎರಡು ವರ್ಷ ಆಯ್ತು. ಊಟ ನಮ್ಮಲ್ಲೇ.