‘ಡ್ರೈ ವೈನ್’ಗೆ ಕನ್ನಡದಲ್ಲಿ ಏನೆನ್ನೋಣ?

ಬಲ್ಲವರಲ್ಲಿ ಒಂದು ಪ್ರಶ್ನೆ. ಜರ್ಮನಿಯ ಮೋಸೆಲ್ ಕಣಿವೆಯ ಬಗೆಗಿನ ಪ್ರವಾಸ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಲ್ಲಿ ಕಡಿದಾದ ಸ್ಲೇಟುಕಲ್ಲಿನ ಇಳಿಜಾರುಗಳಲ್ಲಿ ಬೆಳೆಯುವ ರೀಸ್ಲಿಂಗ್ ದ್ರಾಕ್ಷಿಯಿಂದ ಹಗುರವಾದ, ‘ಡ್ರೈ’ ಆದ, ಅಂದರೆ ನಾಲಗೆಗೆ ಸಿಹಿ ತಾಗದ, ಬಿಳಿ ವೈನ್ ಮಾಡುತ್ತಾರೆ. ಈ ‘ಡ್ರೈ’ ಎಂಬಲ್ಲಿ ನನ್ನ ಅನುವಾದ ಎರಡು ವಾರದಿಂದ ನಿಂತಿದೆ.

ಜರ್ಮನ್ನರು ಸೀಸೆಯ ಮೇಲೆ ‘ಟ್ರೊಕೆನ್’ ಎಂದು, ಫ್ರೆಂಚರು ‘ಸೆಕ್’ ಎಂದು ಬರೆಯುತ್ತಾರೆ. ಎರಡಕ್ಕೂ ನೇರ ಅರ್ಥ ಒಣ ಎಂದೇ. ಆದರೆ ದ್ರಾಕ್ಷಿಯ ಮಾತಿನಲ್ಲಿ ‘ಒಣ’ ಬಂದರೆ ನಮ್ಮ ಕಿವಿಗೆ ಒಣದ್ರಾಕ್ಷಿಯೇ ಕೇಳಿಸುತ್ತದೆ, ಅದೋ ಸಿಹಿಯ ಮುದ್ದೆ. ಇಟಲಿಯಲ್ಲಿ ದ್ರಾಕ್ಷಿಯನ್ನು ಒಣಗಿಸಿ ಮಾಡುವ ಸಿಹಿ ವೈನ್‌ಗಳು ಬೇರೆ ಇವೆ. ಹಾಗಾಗಿ ‘ಒಣ ವೈನ್’ ಓದುಗರನ್ನು ಪೂರ್ತಿ ಎದುರು ದಿಕ್ಕಿಗೆ ಕಳಿಸುತ್ತದೆ. ‘ಶುಷ್ಕ’ವೂ ಒಗ್ಗುವುದಿಲ್ಲ; ಬೆಂಗಳೂರಿನಲ್ಲಿ ಚುನಾವಣೆ ಬಂದಾಗ ‘ಶುಷ್ಕ ದಿನ’ದ ಆದೇಶ ಓದುವ ನಮಗೆ ಆ ಪದ ಮದ್ಯವೇ ಸಿಗದ ದಿನವನ್ನು ನೆನಪಿಸುತ್ತದೆ. ಗೆಳೆಯರೊಬ್ಬರು ‘ಒಗರು’ ಎಂದರು. ಒಗರು ಬೇರೆ ಗುಣ. ಅದು ಮುಖ್ಯವಾಗಿ ಕೆಂಪು ವೈನಿನಲ್ಲಿ ಹಣ್ಣಿನ ಸಿಪ್ಪೆ, ಬೀಜಗಳಿಂದ ಇಳಿಯುವಂಥದ್ದು.

‘ಸಿಹಿಯಿಲ್ಲದ’ ಎಂದುಬಿಟ್ಟರಾಯಿತಲ್ಲ ಎನ್ನಬಹುದು. ನನಗೆ ಸಮಾಧಾನವಿಲ್ಲ. ದರ್ಶಿನಿಯಲ್ಲಿ ಸಕ್ಕರೆ ಇಲ್ಲದ ಕಾಫಿ ಕೇಳಿದರೆ, ಸಕ್ಕರೆಯನ್ನು ಹಾಕಿಯೇ ಇಲ್ಲ ಎಂದರ್ಥ. ಇಲ್ಲಿ ಹಾಗಲ್ಲ. ದ್ರಾಕ್ಷಿರಸದಲ್ಲಿ ಸಕ್ಕರೆ ಇತ್ತು. ಯೀಸ್ಟ್ ಅದನ್ನು ತಿಂದು ಮದ್ಯಸಾರವಾಗಿಸಿತು. ಪೂರ್ತಿ ತೀರಿರಬೇಕೆಂದೂ ಇಲ್ಲ: ‘ಟ್ರೊಕೆನ್’ ಎನ್ನಲು ಲೀಟರಿಗೆ 4 ಗ್ರಾಂವರೆಗೆ, ಹುಳಿ ಸಾಕಷ್ಟಿದ್ದರೆ 9 ಗ್ರಾಂವರೆಗೂ ಸಕ್ಕರೆ ಉಳಿದಿರಬಹುದು. ಚಳಿ ನಾಡಿನ ಹಣ್ಣಿನಲ್ಲಿ ಹುಳಿ ಹೆಚ್ಚು ಉಳಿಯುವುದರಿಂದ ಆ ಅಷ್ಟಿಷ್ಟು ಸಿಹಿ ನಾಲಗೆಗೆ ಗೊತ್ತಾಗುವುದೇ ಇಲ್ಲ.

ಆದ್ದರಿಂದ ನನ್ನ ಮನಸ್ಸು ‘ಇಂಗು’ ಧಾತುವಿನ ಕಡೆಗಿದೆ. ಮಳೆನೀರು ನೆಲಕ್ಕೆ ಇಂಗುತ್ತದೆ. ಮೇಲೆ ಕಾಣದು, ಆದರೆ ಇದ್ದದ್ದು ಇನ್ನೊಂದಾಗಿ ಒಳಗೆ ಸೇರಿದೆ. ‘ಸಿಹಿಯಿಂಗಿದ ವೈನ್’ ಎಂದರೆ ಹೇಗೆ? ‘ಬತ್ತಿದ’ ಎಂಬುದನ್ನೂ ಯೋಚಿಸಿದೆ, ಆದರೆ ಅದರಲ್ಲಿ ಕೆರೆ ಬತ್ತಿದ ಸಂಕಟವಿದೆ. ಇನ್ನು ‘ಹಗುರ’ದ ಬದಲು ‘ತಿಳಿ’ ನನಗೆ ಹೆಚ್ಚು ಹಿಡಿಸುತ್ತದೆ. ತಿಳಿಸಾರನ್ನು ಯಾರೂ ನೀರು ಸಾರೆಂದು ಹಳಿಯುವುದಿಲ್ಲ. ‘ತೆಳು’ ಎಂದರೆ ಆ ಮರ್ಯಾದೆ ಹೋಗುತ್ತದೆ.

ಒಂದು ಸುಳಿವು ಈಚಲು, ತೆಂಗಿನ ಮರಗಳ ಕಡೆ ಇರಬಹುದು. ಇಳಿಸಿದ ಹೊಸದರಲ್ಲಿ ನೀರಾ ಸಿಹಿ, ಹೊತ್ತು ಕಳೆದಂತೆ ಹುಳಿ ಹೆಂಡ. ಈ ಎರಡರ ನಡುವೆ, ಸಿಹಿ ಹೋಗಿ ಹುಳಿ ಇನ್ನೂ ಏರದ ಹದಕ್ಕೆ ಹೆಂಡ ಇಳಿಸುವವರ ಮಾತಿನಲ್ಲಿ ಬೇರೆ ಹೆಸರಿದೆಯೇ? ದೊಡ್ಡಬಳ್ಳಾಪುರ, ದೇವನಹಳ್ಳಿಯ ದ್ರಾಕ್ಷಿ ಬೆಳೆಗಾರರ ಬಾಯಲ್ಲಿ ಇಂಥ ಪದ ಕೇಳಿದವರಿದ್ದರೆ, ಯಾವ ಊರಿನಲ್ಲಿ, ಯಾವ ಅರ್ಥದಲ್ಲಿ ಕೇಳಿದಿರಿ ಎಂಬುದನ್ನೂ ದಯವಿಟ್ಟು ತಿಳಿಸಿ.